ಗುಲ್‌ಮೊಹರಿನಲ್ಲಿ ಬಿಟ್ಟ ಕೊಡೆ

ಮುರಿದ ಕೊಂಬೆ ಒಂದೋ ನೆಲಕ್ಕೆ ಬೀಳಬೇಕು, ಇಲ್ಲ ಮುರಿಯಲೇಬಾರದು. ಮೊನ್ನೆ ಭರಣಿ ಮಳೆಯ ಗಾಳಿಗೆ ನಮ್ಮ ಗುಲ್‌ಮೊಹರಿನ ಕೊಂಬೆ ಲಟಕ್ಕೆಂದು, ಅಂಗೈ ಅಗಲದ ತೊಗಟೆಗೆ ಜೋತುಬಿದ್ದು, ಸರಿಯಾಗಿ ಗೇಟಿನ ನೆತ್ತಿಗೆ ಬಂದು ನಿಂತಿತು. ಹಾಲಿನ ಹುಡುಗ ಪ್ಯಾಕೆಟ್ಟನ್ನು ರಸ್ತೆಯಿಂದಲೇ ಎಸೆದ. ಅದು ಒಡೆಯಿತು.

30×40 ಸೈಟಿನಲ್ಲಿ ಮಡಗಾಸ್ಕರದ ಮರ ನೆಟ್ಟವನು ನಾನೇ. ಸರಸರ ಬೆಳೆಯುತ್ತೆ, ಮೇ ತಿಂಗಳಲ್ಲಿ ಕೆಂಡದ ಹಾಗೆ ಹೂ ಬಿಡುತ್ತೆ, ಎಲ್ಲ ಸರಿ. ಕೊಂಬೆ ಮಾತ್ರ ಹಪ್ಪಳ.

ಪಕ್ಕದ ಮನೆಯ ಮೇಷ್ಟ್ರು ಕೊಡೆ ಹಿಡಿದು ಬಂದರು. ಆ ಕೊಡೆ ಬಿಸಿಲಿಗೂ ಅಲ್ಲ, ಮಳೆಗೂ ಅಲ್ಲ, ತೋರಿಸುವುದಕ್ಕೆ. ನಮ್ಮ ಚರಂಡಿಯ ಇಳಿಜಾರು, ಗೋಡೆಯ ಬಿರುಕು, ನಾನು ಸ್ಕೂಟರ್ ನಿಲ್ಲಿಸುವ ಕೋನ, ಯಾವುದೂ ಅದರ ಮೊನೆಯಿಂದ ಪಾರಾಗಿಲ್ಲ.

"ಏನ್ರೀ, ಇದಕ್ಕೂ ಆಳು ಬೇಕಾ? ಸ್ಟೂಲ್ ತನ್ನಿ."

"ಬೇಡ ಮೇಷ್ಟ್ರೇ, ಮೈಮೇಲೆ ಬಿದ್ದೀತು."

"ಎಲ್ಲಿ ಬೀಳತ್ತೆ ಅಂತ ಲೆಕ್ಕ ಹಾಕಿದೀನಿ. ಅಲ್ಲಿ ನೀವು ನಿಂತಿದೀರಿ. ಸರೀರಿ."

ಸರಿದೆ. ಅವರು ಸ್ಟೂಲ್ ಹತ್ತಿ, ಕೊಡೆ ತಿರುಗಿಸಿ ಹಿಡಿದು, ಬಾಗಿದ ಹಿಡಿಯನ್ನು ಕೊಂಬೆಗೆ ಸಿಕ್ಕಿಸಿ ಜಗ್ಗಿದರು. ಕೊಂಬೆ ಒಂದು ಗೇಣು ಕೆಳಗೆ ಬಂತು, ಮೇಷ್ಟ್ರು ಹೆದರಿ ಕೈಬಿಟ್ಟರು, ಅದು ಎರಡು ಗೇಣು ಮೇಲೆ ಹೋಯಿತು. ಕೊಡೆಯ ಸಮೇತ.

ಮಾರನೆಯ ದಿನದಿಂದ ಬೀದಿಯಲ್ಲಿ ಕೊಂಬೆಯ ಮಾತೇ ಇಲ್ಲ. ಹೋಗಿಬರುವವರೆಲ್ಲ ತಲೆಯೆತ್ತಿ, "ಅದ್ಯಾಕೆ ಸಾರ್ ಕೊಡೆ ಕಟ್ಟಿದೀರಿ, ದೃಷ್ಟಿಗಾ?" ಮೇಷ್ಟ್ರು ಬೆಳಿಗ್ಗೆ ಸಂಜೆ ಬಂದು ನೋಡಿ ಹೋಗುತ್ತಿದ್ದರು. ತೋರಿಸಲು ಏನೂ ಇಲ್ಲದೆ ಕೈಯನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯುತ್ತಿರಲಿಲ್ಲ.

ಮೂರನೆಯ ದಿನ ಮರ ಹತ್ತುವವನು ಸಿಕ್ಕ. ನಾನು "ಬುಡಕ್ಕೇ ಕೊಯ್ದುಬಿಡಪ್ಪ" ಎಂದರೆ ಅವನಿಗೆ ನಗು. ಮೊದಲು ಹಗ್ಗ ಬಿಗಿದ, ಕೊಂಬೆಗೆ ಕೆಳಗಡೆಯಿಂದ ಒಂದು ಗೀರು ಹಾಕಿದ, ಆಮೇಲೆ ಮೇಲಿಂದ ಕೊಯ್ದ. ಇಲ್ಲದಿದ್ದರೆ ಬೀಳುವ ಭಾರಕ್ಕೆ ಕಾಂಡದ ತೊಗಟೆಯೂ ಸಿಗಿದು ಬರುತ್ತಂತೆ. ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ ಸವರಿದ. ಆ ಉಬ್ಬಿದ್ದರೇ ಗಾಯ ಮಾಯುವುದು. ಇಷ್ಟೆಲ್ಲ ಮಾಡಿ ಕೇಳಿದ: "ಕೊಡೆಗೆ ಬೇರೆ ಕೊಡ್ತೀರಲ್ಲ ಸಾರ್?"

ಕಸದ ಗಾಡಿಯವರು ಕೊಂಬೆ ನೋಡಿ ಕೇಳಿದ್ದು ಒಂದೇ: "ಹಸಿ ಕಸಾನೋ, ಒಣ ಕಸಾನೋ?" ನಾನು ಯೋಚಿಸುವುದರೊಳಗೆ ಗಾಡಿ ಮುಂದಿನ ಬೀದಿಯಲ್ಲಿತ್ತು.

ಕೊಂಬೆ ತುಂಬ ಮೊಗ್ಗು. ಮಗಳು ಚಿಕ್ಕವಳಿದ್ದಾಗ ಈ ಮೊಗ್ಗುಗಳ ಹೊರಪೊರೆ ಸುಲಿದು ಹತ್ತು ಬೆರಳಿಗೂ ಅಂಟಿಸಿಕೊಂಡು ದೆವ್ವವಾಗಿ ಬರುತ್ತಿದ್ದಳು. ನಾನು ಹೆದರಬೇಕಿತ್ತು. ಮೊನ್ನೆ ಒಂದು ಸುಲಿದು ಹೆಬ್ಬೆರಳಿಗೆ ಅಂಟಿಸಿದೆ. ಉದುರಿಹೋಯಿತು.

ಸಂಜೆ ಮೇಷ್ಟ್ರು ನಮ್ಮ ಗೇಟಿನಲ್ಲೇ ಕೊಡೆ ಬಿಚ್ಚಿ ಪರೀಕ್ಷಿಸಿದರು. ಮೂರು ದಿನ ಉದುರಿ ಅದರೊಳಗೆ ತುಂಬಿದ್ದ ಅಕ್ಕಿಕಾಳಿನಷ್ಟಷ್ಟು ಎಲೆಗಳೆಲ್ಲ ಅವರ ತಲೆಯ ಮೇಲೆ ಅಕ್ಷತೆ. ಒಂದೊಂದಾಗಿ ಕೊಡವಿ, ನಾನು ಆಗಷ್ಟೇ ಗುಡಿಸಿದ್ದ ಜಾಗವನ್ನು ಕೊಡೆಯಿಂದ ತೋರಿಸಿ ಹೇಳಿದರು:

"ಏನ್ರೀ, ಇಲ್ಲಿ ಗುಡಿಸೇ ಇಲ್ಲ."