ದೂರಕ್ಕೆ ಭಾರದ ಗುಂಡು ಎಂಬುದು ಅರ್ಧ ಲೆಕ್ಕ

ಅಮೆರಿಕದ ಜಿಂಕೆ ಬೇಟೆಯ ಬಗ್ಗೆ ಬರೆಯುತ್ತಾ ‘ದೂರ ಹೆಚ್ಚಿದಂತೆ ಭಾರದ ಗುಂಡು ಆರಿಸಿಕೊಳ್ಳಿ, ಅಷ್ಟೇ’ ಎಂದಿದ್ದೀರಿ. ಅಷ್ಟೇ ಅಲ್ಲ ಸ್ವಾಮಿ. ಗುಂಡು ಪ್ರಾಣಿಯನ್ನು ತಲುಪುವಾಗ ಅದರಲ್ಲಿ ಎಷ್ಟು ವೇಗ ಉಳಿದಿದೆ ಎಂಬುದನ್ನು ಮೊದಲು ನೋಡಬೇಕು. .308 (ಇಂಚಿನಲ್ಲಿ ಗುಂಡಿನ ವ್ಯಾಸ) ರೈಫಲ್‌ನ 165 ಗ್ರೇನ್ (ಸುಮಾರು 10.7 ಗ್ರಾಂ) ತೂಕದ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿರುತ್ತದೆ. 400 ಗಜ ದಾಟುವಷ್ಟರಲ್ಲಿ ಅದು 2000ದ ಆಸುಪಾಸಿಗೆ ಇಳಿದಿರುತ್ತದೆ. ಸೀಸದ ತಿರುಳಿನ ಸಾಮಾನ್ಯ ಗುಂಡು 1800ರಲ್ಲೂ ಅರಳುತ್ತದೆ, ಅಂದರೆ ಬಡಿದಾಗ ಮೂತಿ ಅಗಲವಾಗಿ ದೊಡ್ಡ ಗಾಯ ಮಾಡುತ್ತದೆ. ಪೂರ್ತಿ ತಾಮ್ರದ ಹಲವು ಗುಂಡುಗಳಿಗೆ 2000 ಬೇಕು. ಅರಳದಿದ್ದರೆ ದಬ್ಬಳದಂತೆ ತೂರಿ ಹೋಗುತ್ತದೆ, ಗಾಯಗೊಂಡ ಜಿಂಕೆ ಪೊದೆ ಸೇರಿ ನರಳುತ್ತದೆ. 2019ರ ಜುಲೈಯಿಂದ ಬೇಟೆಗೆ ಸೀಸವನ್ನೇ ನಿಷೇಧಿಸಿರುವ ಕ್ಯಾಲಿಫೋರ್ನಿಯಾದಲ್ಲಿ ಈ ಲೆಕ್ಕ ತಪ್ಪಿಸುವಂತಿಲ್ಲ.

ಹತ್ತಿರದ ಕಥೆ ಬೇರೆ. ತೆಳು ಕವಚದ ವೇಗದ ಗುಂಡು 40 ಗಜದಲ್ಲಿ ಭುಜದ ಮೂಳೆಗೆ ಬಡಿದರೆ ಚೂರುಚೂರಾಗುತ್ತದೆ. ಅಮೆರಿಕದ ಗೆಳೆಯನೊಬ್ಬ ಕೊಟ್ಟ ಮಾಂಸದ ಸಾರಿನಲ್ಲಿ ಸಾಸಿವೆ ಗಾತ್ರದ ಸೀಸ ನನ್ನ ಹಲ್ಲಿಗೆ ಸಿಕ್ಕಿತ್ತು. ಕಲ್ಲೆಂದುಕೊಂಡು ಉಗಿದೆ, ತಟ್ಟೆಯ ಅಂಚಿನಲ್ಲಿ ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು.

ಕೊಡಗಿನ ನಮ್ಮ ಮನೆಯ ತೋಟಾ ಕೋವಿಗೆ ಈ ಯಾವ ತಲೆನೋವೂ ಇಲ್ಲ. ಚರೆ (ಸಣ್ಣ ಸೀಸದ ಕಾಳು) ತುಂಬಿದ ತೋಟಾ 40 ಗಜದಾಚೆ ನಂಬಿಕೆಗೆ ಅರ್ಹವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಮಾತಂತೂ ಇಲ್ಲ. ಈಗ ಅದು ಕೊಡವರ ಆಯುಧ ಪೂಜೆಯಾದ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಮಾತ್ರ ಗುರಿಯಿಡುತ್ತದೆ, ಅದೂ ನನ್ನ ಕೈಯಲ್ಲಿ ತಪ್ಪುವುದೇ ಹೆಚ್ಚು.