ಕಾಲಿಗೆ 218 ಗ್ರಾಂ, ಚಪ್ಪಡಿಗೆ ದೇವರೇ ಗತಿ

ನಮ್ಮ ಅಡುಗೆಕಟ್ಟೆಯ ಮೇಲೆ ಒಂದು ಡಿಜಿಟಲ್ ತಕ್ಕಡಿ ಇದೆ. ಸಕ್ಕರೆ ಕಾಯಿಲೆ ಬಂದ ಮೇಲೆ ನನ್ನ ಪಾಲಿನ ಅನ್ನವನ್ನು ತೂಗಿ ಬಡಿಸಲೆಂದು ಮನೆಯಾಕೆ ತರಿಸಿದ್ದು. ಯುಗಾದಿಯ ಮರುದಿನ ಬೆಳಿಗ್ಗೆ ಕಾಫಿಗೆಂದು ಒಳಗೆ ಹೋದರೆ ಅದರ ಮೇಲೆ ಒಂದು ಶೂ ವಿರಾಜಮಾನವಾಗಿತ್ತು. ಬಲಗಾಲಿನದು. ಪಕ್ಕದಲ್ಲಿ ಅಕ್ಕನ ಮಗ ಉಸಿರು ಬಿಗಿಹಿಡಿದು ನಿಂತಿದ್ದ. ತಕ್ಕಡಿಯ ಅಂಕೆಗಳು ಒಂದೆರಡು ಸಲ ಕಣ್ಣು ಮಿಟುಕಿಸಿ 218ಕ್ಕೆ ನಿಂತವು. ದೇವರ ಬಲಗಡೆಯಿಂದ ಹೂ ಬಿದ್ದವನಂತೆ ಹುಡುಗ ಕಣ್ಣು ಮುಚ್ಚಿಕೊಂಡ.

"ಅನ್ನ ತೂಗುವ ತಕ್ಕಡಿ ಕಣೋ ಅದು!" ಎಂದಳು ಅವನ ಅತ್ತೆ.

"ಹೊಚ್ಚ ಹೊಸದು ಅತ್ತೆ, ಇನ್ನೂ ನೆಲಕ್ಕೇ ತಾಗಿಲ್ಲ. ಹಳೆಯದು 284 ಗ್ರಾಂ ಇತ್ತು. ಒಂದು ಕಾಲಿಗೆ 66 ಗ್ರಾಂ ಉಳಿಯಿತು!"

ಡಬ್ಬಿಯ ಮೇಲಿನ ಚೀಟಿ ನೋಡಿದೆ. 15,999 ರೂಪಾಯಿ. ಉಳಿದ 66 ಗ್ರಾಮಿನ ಬೆಲೆಯನ್ನು ಮನಸ್ಸಿನಲ್ಲೇ ಭಾಗಿಸಿ ನೋಡಿ, ಹಾಗೆಯೇ ಗುಣಿಸಿ ವಾಪಸ್ ಇಟ್ಟುಬಿಟ್ಟೆ. ಆಮೇಲೆ ಕುತೂಹಲ ತಡೆಯಲಾರದೆ ಬಚ್ಚಲ ಬಾಗಿಲಲ್ಲಿದ್ದ ನನ್ನ ಹವಾಯಿ ಚಪ್ಪಲಿಯನ್ನು ತಂದು, ಮನೆಯಾಕೆ ಒಗ್ಗರಣೆಯತ್ತ ತಿರುಗಿದ ಕ್ಷಣ ನೋಡಿ, ತಕ್ಕಡಿಗೇರಿಸಿದೆ. 171 ಗ್ರಾಂ! ಜೋಡಿಗೆ 180 ರೂಪಾಯಿ ಕೊಟ್ಟದ್ದು. ಉಂಗುಷ್ಟ ಕಿತ್ತರೆ ಹತ್ತು ರೂಪಾಯಿ ಹೆಚ್ಚುವರಿ.

"ಮಾವ, ಅದಕ್ಕೆ ಲಗ್ ಇಲ್ಲ" ಎಂದ ಹುಡುಗ, ಪಾಪ, ತಿಳುವಳಿಕೆಯಿಲ್ಲದವರನ್ನು ನೋಡುವಂತೆ ನೋಡಿ.

ಲಗ್ ಎಂದರೆ ಅಟ್ಟೆಯ ಕೆಳಗೆ ಎದ್ದಿರುವ ರಬ್ಬರಿನ ಹಲ್ಲುಗಳು. ಬೆಟ್ಟದ ಸಡಿಲ ಮಣ್ಣಿನಲ್ಲಿ ಅವು ಉಗುರೂರಿ ಹಿಡಿಯುತ್ತವೆ. ಟ್ರೇಲ್ ಶೂ ಎಂಬ ವಸ್ತು ಇರುವುದೇ ಕಾಡುದಾರಿ, ಕಲ್ಲು, ಬೇರು, ಕೆಸರುಗಳಲ್ಲಿ ಓಡುವವರಿಗಾಗಿ. ಕಾಲಿನ ತೂಕ ಹಗುರಾದಷ್ಟೂ ದಮ್ಮು ಉಳಿಯುತ್ತದೆ. ಶೂವಿನ ತೂಕ 100 ಗ್ರಾಂ ಹೆಚ್ಚಿದರೆ ಓಡುವವನಿಗೆ ಬೇಕಾಗುವ ಆಮ್ಲಜನಕ ಶೇಕಡ 1ರಷ್ಟು ಹೆಚ್ಚುತ್ತದೆ ಎಂಬುದು ಈ ವಿಷಯ ಅಳೆದವರ ಲೆಕ್ಕ. ಆದ್ದರಿಂದ ತಯಾರಕರು ಹಠಕ್ಕೆ ಬಿದ್ದು ತೂಕ ಇಳಿಸುತ್ತಾರೆ. ಮೇಲಿನ ಬಟ್ಟೆಯನ್ನು ಸೊಳ್ಳೆಪರದೆಯಷ್ಟು ತೆಳುವಾಗಿಸುತ್ತಾರೆ. ಕಲ್ಲು ಚುಚ್ಚದಂತೆ ಅಟ್ಟೆಯೊಳಗೆ ಇಡುವ ರಾಕ್ ಪ್ಲೇಟ್ ಎಂಬ ಹಲಗೆಯನ್ನು ಎಷ್ಟೋ ಹಗುರ ಶೂಗಳಲ್ಲಿ ತೆಗೆದೇ ಹಾಕುತ್ತಾರೆ. ಒಂದೊಂದನ್ನು ತೆಗೆದಂತೆಲ್ಲ ಬೆಲೆ ಒಂದೊಂದು ಮೆಟ್ಟಿಲು ಏರುತ್ತದೆ. ನಾನು ಬಲ್ಲಂತೆ ಕಡಿಮೆ ಕೊಟ್ಟು ಹೆಚ್ಚು ತೆಗೆದುಕೊಳ್ಳುವ ಈ ವಿದ್ಯೆ ಇನ್ನೊಂದು ಕಡೆ ಮಾತ್ರ ಇದೆ, ಅದು ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ.

ಹೋದ ವರ್ಷ ಹುಡುಗ ಮಲೆನಾಡಿನ ಕಾಫಿ ತೋಟಗಳ ನಡುವೆ 50 ಕಿಲೋಮೀಟರ್ ಓಡಿ ಬಂದಿದ್ದ. ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಹೋಗಿ ಶೂವಿನ ಮೂತಿಗೆ ಗುದ್ದಿ ಗುದ್ದಿ ಎರಡು ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಇಂಬಳಗಳು ಸೊಳ್ಳೆಪರದೆಯನ್ನು ಬಾಗಿಲೆಂದೇ ತಿಳಿದು ಒಳಗೆ ಹೋಗಿದ್ದವು. ಅಂಗಾಲಿಗೆ ಪ್ರತಿಯೊಂದು ಬೆಣಚುಕಲ್ಲಿನ ಪರಿಚಯವಾಗಿತ್ತು. "ನೆಲದ ಸ್ಪರ್ಶ ಸಿಗುತ್ತದೆ ಮಾವ, ಅದೇ ಇದರ ಹೆಚ್ಚುಗಾರಿಕೆ" ಎಂದು ಕುಂಟುತ್ತಾ ಹೇಳಿದ್ದ. ನೆಲದ ಸ್ಪರ್ಶವೇ ಬೇಕಿದ್ದರೆ ಶೂ ಬಿಚ್ಚಿದರಾಗದೇ ಎಂದು ಕೇಳಿದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲಾ ಮ್ಯಾರಥಾನನ್ನು ಬರಿಗಾಲಿನಲ್ಲೇ ಓಡಿ ಚಿನ್ನ ಗೆದ್ದನಲ್ಲ, ಅವನ ಶೂ ಎಷ್ಟು ಗ್ರಾಂ ಇತ್ತು?

ಹುಡುಗ ತಡಮಾಡಲಿಲ್ಲ. "ಮಾವ, ರೋಮಿನಲ್ಲಿ ರಸ್ತೆ ಇತ್ತು."

ಆ ಮಾತು ನನ್ನ ಬಾಯಿ ಕಟ್ಟಿಸಿತು. ಏಕೆಂದರೆ ಅವನು ಬೆಟ್ಟಕ್ಕೆ ಹೋಗುವುದು ವರ್ಷಕ್ಕೆ ಎರಡು ಸಲ. ನಂದಿಗೆ ಹೋಗೋಣವೆಂದರೆ ಭಾನುವಾರ ಬೆಟ್ಟದ ಬುಡದಲ್ಲಿ ಕಾರುಗಳ ಸಾಲೇ ಇನ್ನೊಂದು ಬೆಟ್ಟ. ಸ್ಕಂದಗಿರಿಗೆ ಮೊದಲೇ ಆನ್‌ಲೈನ್‌ನಲ್ಲಿ ಚೀಟಿ ಮಾಡಿಸಿಕೊಳ್ಳಬೇಕು. ಉಳಿದ 363 ದಿನ ಆ ಶೂ ಓಡುವುದು ನಮ್ಮ ಮನೆಯಿಂದ ಲಾಲ್‌ಬಾಗಿನ ಗೇಟಿನವರೆಗಿನ 700 ಮೀಟರ್ ಫುಟ್‌ಪಾತಿನ ಮೇಲೆ. ಲಗ್‌ಗಳಿಗೆ ಕೆಲಸ ಕಡಿಮೆಯಾಯಿತು ಎಂದು ಅವನು ಇದುವರೆಗೆ ದೂರಿದವನಲ್ಲ.

ಒಂದು ಭಾನುವಾರ ನಾನೂ ಅವನ ಹಿಂದೆ ಹೊರಟು, ಲೆಕ್ಕ ಹಾಕುತ್ತಾ ನಡೆದೆ. ಪಾದಚಾರಿಗಳ ಸೌಕರ್ಯಕ್ಕೆಂದೇ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಮಾರ್ಗಸೂಚಿ ಇದೆ. ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲ ಅಡ್ಡಿಯಿಲ್ಲದೆ ಇರಬೇಕು ಎನ್ನುತ್ತದೆ ಅದು. ನಮ್ಮ ಬೀದಿಯ ಫುಟ್‌ಪಾತು ಅದನ್ನು ಓದಿದಂತಿಲ್ಲ. ಎತ್ತರ ಸುಮಾರು 400 ಮಿಲಿಮೀಟರ್. ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಯಲೆಂದು ಕಡಿದಿದ್ದಾರೆ. ಇಳಿಯಬೇಕು, ಮತ್ತೆ ಹತ್ತಬೇಕು. ಹೋಗುವಾಗ 31 ಏರು, ಬರುವಾಗ 31 ಏರು. ದಿನಕ್ಕೆ ಹತ್ತಿರ ಹತ್ತಿರ 25 ಮೀಟರ್ ಆಯಿತು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ನಂದಿಯ ನೆತ್ತಿ 1,478 ಮೀಟರ್. ಅಂದರೆ ನಮ್ಮ ಬೀದಿಯಲ್ಲಿ 23 ದಿನ ಹಾಲು ತರಲು ಹೋಗಿಬಂದವರು ನಂದಿಬೆಟ್ಟ ಹತ್ತಿದಂತೆಯೇ. ಹುಡುಗನ ಕೈಗಡಿಯಾರ ಮಾತ್ರ ಈ ಒಂದೂಕಾಲು ಅಡಿಯ ಏರುಗಳನ್ನು ಏರೆಂದು ಒಪ್ಪುವುದಿಲ್ಲವಂತೆ. ಅದೊಂದೇ ಅವನ ಕೊರಗು.

ಅಗಲದ ಮಾತು ಬೇಡ. ಟ್ರಾನ್ಸ್‌ಫಾರ್ಮರ್‌ಗೂ ಕಾಂಪೌಂಡಿಗೂ ನಡುವೆ ಒಬ್ಬರು ಉಸಿರೆಳೆದುಕೊಂಡು ಅಡ್ಡಡ್ಡ ಹೋಗಬಹುದಾದ ಕಂಡಿ ಇದೆ. ಬೆಟ್ಟದ ಓಟಗಾರರು ಇಂಥದ್ದಕ್ಕೆ ಸಿಂಗಲ್ ಟ್ರ್ಯಾಕ್ ಎಂದು ಗೌರವದಿಂದ ಕರೆಯುತ್ತಾರೆ. ಮುಂದೆ ಹೊಂಗೆಮರ. ಬೇಸಿಗೆಯ ಆರಂಭದಲ್ಲಿ ಅದರ ಹೂ ಉದುರಿ ಹಾಸಿಗೆಯಾಗಿ, ಇಬ್ಬನಿ ತಾಗಿದರೆ ಸೋಪಿನ ನೊರೆಯಂತೆ ಜಾರುತ್ತದೆ. ನೋಡಲು ಚೆಂದ. ನಾನು ಒಮ್ಮೆ ಕೂತೇ ನೋಡಿದ್ದೇನೆ.

ಆದರೆ ಇಡೀ ದಾರಿಯ ಮುಕುಟಮಣಿ ಎಂದರೆ ಚಪ್ಪಡಿ.

ಹೊರಊರಿನವರಿಗೆ ಹೇಳಬೇಕು: ಬೆಂಗಳೂರಿನ ಬಹುಪಾಲು ಫುಟ್‌ಪಾತು ಎಂದರೆ ಚರಂಡಿಯ ಮುಚ್ಚಳ. ಕೆಳಗೆ ನೀರು, ಮೇಲೆ ಕಲ್ಲು, ಕಲ್ಲಿನ ಮೇಲೆ ನಾಗರಿಕ. ಈ ಚಪ್ಪಡಿಗಳನ್ನು ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ, ಬಜೆಟ್ಟಿನ ಹಣ ತೀರಿಸಲೇಬೇಕಾದ ಪುಣ್ಯಕಾಲದಲ್ಲಿ ಹಾಸುತ್ತಾರೆ. ಏಪ್ರಿಲ್‌ಗೆ ಅವು ಏತವಾಗಿರುತ್ತವೆ. ಈ ತುದಿ ತುಳಿದರೆ ಆ ತುದಿ ಏಳುತ್ತದೆ. ಎದ್ದು, ನಿಮ್ಮ ಭಾರವನ್ನು ಅಳೆದು, ಅದಕ್ಕೆ ತಕ್ಕಷ್ಟು ಕಪ್ಪು ನೀರನ್ನು ಪಿಚಕಾರಿಯಂತೆ ಮೊಣಕಾಲಿಗೆ ಚಿಮ್ಮಿಸುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಯಾವ ಚಪ್ಪಡಿಯ ಯಾವ ಮೂಲೆ ತುಳಿಯಬೇಕೆಂಬುದು ಜಾತಕದಲ್ಲೇ ಬಂದಿರುತ್ತದೆ. ಉಳಿದವರು ಬಿಳಿ ಪ್ಯಾಂಟು ಹಾಕಿ ಕಲಿಯುತ್ತಾರೆ. ಇಲ್ಲಿ ಹಗುರ ಶೂವಿನ ಒಂದು ಗುಣ ಬೆಳಕಿಗೆ ಬಂತು. ತೊರೆ ದಾಟಿದ ಮೇಲೆ ನೀರು ಬೇಗ ಸೋರಿಹೋಗಲಿ ಎಂದು ಅದರ ಮೈಯೆಲ್ಲ ಜರಡಿ ಮಾಡಿರುತ್ತಾರೆ. ಹೋಗುವ ದಾರಿಯೇ ಬರುವ ದಾರಿಯೂ ಹೌದು ಎಂಬುದು ತಯಾರಕರಿಗೆ ಹೊಳೆದಿತ್ತೋ ಇಲ್ಲವೋ, ನಮ್ಮ ಚರಂಡಿಗೆ ಮೊದಲ ದಿನವೇ ಹೊಳೆಯಿತು.

ಆ 700 ಮೀಟರ್ ದಾಟಿ ಲಾಲ್‌ಬಾಗ್ ಹೊಕ್ಕರೆ ಸಿಗುವುದು ಕೆಂಪೇಗೌಡ ಗೋಪುರವಿರುವ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇಷ್ಟು ವರ್ಷದಲ್ಲಿ ಅದು ಯಾರ ಕಾಲಡಿಯಲ್ಲೂ ಅಲುಗಿದ ವರದಿಯಿಲ್ಲ. ಹೊರಗೆ, ಹೋದ ಮಾರ್ಚಿನಲ್ಲಿ ಹಾಸಿದ ಕಲ್ಲಿಗೆ ಆಗಲೇ ವಾಯು. ಓಟಗಾರರು ಈ ಬಂಡೆ ಹತ್ತಿ, ಅಟ್ಟೆಯ ಹಿಡಿತದ ಬಗ್ಗೆ ಮೆಚ್ಚುಗೆಯಿಂದ ಮಾತನಾಡುತ್ತಾರೆ. ಬಂಡೆಯ ಹಿಡಿತದ ಬಗ್ಗೆ ಯಾರೂ ಒಂದು ಮಾತು ಆಡಿದ್ದು ಕೇಳಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಊರಿನಲ್ಲಿ ಒಳ್ಳೆಯ ಫುಟ್‌ಪಾತುಗಳೂ ಇವೆ. ಟೆಂಡರ್‌ಶ್ಯೂರ್ ಎಂಬ ರಸ್ತೆ ಸುಧಾರಣಾ ಯೋಜನೆಯಲ್ಲಿ ಮಾಡಿದ ವಿಠ್ಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಅಗಲವಾದ, ಸಪಾಟಾದ ನೆಲವಿದೆ. ಹುಡುಗ ಒಂದು ತಿಂಗಳು ಅತ್ತ ಓಡಿ ಬಂದು ಗೊಣಗಿದ: "ಗಟ್ಟಿ ನೆಲ ಮಾವ, ಲಗ್ ಸವೆದುಹೋಗುತ್ತಿವೆ." ಮಾತು ನಿಜವೇ, ಮೆತ್ತನೆಯ ರಬ್ಬರಿನ ಈ ಹಲ್ಲುಗಳು ಡಾಂಬರು, ಕಾಂಕ್ರೀಟಿನಲ್ಲಿ ಬೇಗ ಸವೆಯುತ್ತವೆ. ಹಾಗಾಗಿ ಶೂವಿನ ಆಯುಸ್ಸಿಗಾಗಿ ಅವನು ನಮ್ಮ ಬೀದಿಗೇ ಮರಳಿದ.

ಇದರಲ್ಲಿ ಅಚ್ಚರಿಪಡುವುದೇನೂ ಇಲ್ಲ. ಕರೆಂಟು ಹೋದಾಗ ನಾವು ಬೀದಿಗಿಳಿಯಲಿಲ್ಲ, ಯುಪಿಎಸ್ ಕೊಂಡೆವು. ನಲ್ಲಿ ಬತ್ತಿದಾಗ ಟ್ಯಾಂಕರಿನ ನಂಬರು ಬರೆದಿಟ್ಟುಕೊಂಡೆವು. ಬಂದ ನೀರು ಕುಡಿಯಲಾಗದಿದ್ದಾಗ ಗೋಡೆಗೆ ಫಿಲ್ಟರ್ ತೂಗುಹಾಕಿದೆವು. ಈಗ ಫುಟ್‌ಪಾತನ್ನು ಕಾಲಿಗೇ ಕಟ್ಟಿಕೊಂಡು ಓಡಾಡುತ್ತಿದ್ದೇವೆ, ಜೋಡಿಗೆ 15,999. ತೆರಿಗೆ ಬೇರೆ, ಅದು ನಗರಾಡಳಿತಕ್ಕೆ ನಾವು ಕೊಡುವ ಭಕ್ತಿಕಾಣಿಕೆ.

ನಾನು ಹಳೆಯ ಕಾಲದವನು, ಒಮ್ಮೆ ದೂರು ಕೊಡಲು ಹೋದೆ. ಕಚೇರಿ ಯಾವುದೆಂದು ಹೇಳುವುದಿಲ್ಲ. ಎಲ್ಲವೂ ಒಂದೇ ಬಣ್ಣದ ಕಡತ ಇಟ್ಟುಕೊಂಡಿರುತ್ತವೆ. ಚಪ್ಪಡಿ ಮಗುಚಿ ಬಲಗಾಲು ಮೊಣಕಾಲುದ್ದ ಚರಂಡಿಗೆ ಇಳಿದ ಕಥೆಯನ್ನು ಸವಿಸ್ತಾರವಾಗಿ ಹೇಳಿದೆ. ಎಂಜಿನಿಯರರು ಸಜ್ಜನರು. ಮೇಜಿನಾಚೆಯಿಂದ ಬಗ್ಗಿ ಮೊದಲು ನನ್ನ ಕಾಲು ನೋಡಿದರು.

"ಈ ಚಪ್ಪಲಿಯಲ್ಲೇ ನಡೆದಿರಾ ಸಾರ್?"

"ಹೌದು."

"ಅದೇ ನೋಡಿ" ಎಂದು ನಿಟ್ಟುಸಿರಿಟ್ಟರು. ಆಮೇಲೆ ಕಾನೂನಿನ ಸೂಕ್ಷ್ಮ ವಿವರಿಸಿದರು. ಚಪ್ಪಡಿಯ ಮೇಲ್ಮೈ ರಸ್ತೆಯವರದು, ಅದರ ಕೆಳಗಿನದು ಚರಂಡಿಯವರದು, ನಡುವೆ ತೂರಿಸಿರುವ ಕೇಬಲ್ಲು ಮೂರನೆಯವರದು. "ನೀವು ಚಪ್ಪಡಿಯ ಮೇಲೆ ಎಡವಿದ್ದರೆ ನಾವೇ ನೋಡುತ್ತಿದ್ದೆವು. ಒಳಗೆ ಬಿದ್ದಿದ್ದೀರಿ. ಅದು ನಮ್ಮ ವ್ಯಾಪ್ತಿಯಲ್ಲ." ಒಂದು ಕಾಲು ಮಾತ್ರ ಒಳಗಿತ್ತು, ಇನ್ನೊಂದು ಮೇಲೆಯೇ ಇತ್ತು ಎಂದೆ. ಅವರು ಪ್ರಾಮಾಣಿಕವಾಗಿ ಯೋಚಿಸಿದರು. "ಹಾಗಾದರೆ ಜಂಟಿ ಸ್ಥಳ ಪರಿಶೀಲನೆ ಆಗಬೇಕು."

ಅದು ಇನ್ನೂ ಆಗಬೇಕು.

ಮೇ ತಿಂಗಳ ಮಳೆಯಲ್ಲಿ ಶೂವಿನ ಎರಡನೆಯ ತೂಕವಾಯಿತು. ಪೈಪಿಗೋ ಕೇಬಲ್ಲಿಗೋ ಅಗೆದು ಗುಡ್ಡೆ ಹಾಕಿದ್ದ ಕೆಮ್ಮಣ್ಣು ಕರಗಿ ಬೀದಿಯುದ್ದಕ್ಕೂ ಹಲ್ವವಾಗಿತ್ತು. ಜಿಗುಟು ಮಣ್ಣು ಲಗ್‌ಗಳ ಸಂದಿಯಲ್ಲಿ ಕಚ್ಚಿಕೊಂಡರೆ ಬಿಡುವುದಿಲ್ಲ. ಮೇಲೆ ಮೇಲೆ ಪದರ ಕಟ್ಟುತ್ತದೆ. ಹುಡುಗ ಬಂದು, ಅತ್ತೆ ತುಳಸಿಕಟ್ಟೆಯ ಹತ್ತಿರ ಇರುವುದನ್ನು ಖಚಿತಪಡಿಸಿಕೊಂಡು, ತಕ್ಕಡಿಗೆ ಹಳೆಯ ಪೇಪರು ಹಾಸಿ ತೂಗಿದ. 590. ನಗರದ ಕೊಡುಗೆ 372 ಗ್ರಾಂ. ಇಬ್ಬರೂ ಆ ಅಂಕೆಯನ್ನು ಮೌನವಾಗಿ ನೋಡುತ್ತಿದ್ದಾಗ ಹಿಂದಿನಿಂದ ಕೂಗು ಕೇಳಿತು. ಅಂದಿನಿಂದ ಆ ತಕ್ಕಡಿ ಮೈಲಿಗೆ. ನನ್ನ ಅನ್ನವನ್ನು ಈಗ ಸೌಟಿನಲ್ಲಿ, ಅಂದಾಜಿಗೆ ಬಡಿಸುತ್ತಾಳೆ. ಹಗುರ ಶೂವಿನಿಂದ ನಮ್ಮ ಕುಟುಂಬದಲ್ಲಿ ಯಾರಿಗಾದರೂ ಲಾಭವಾಗಿದ್ದರೆ ಅದು ನನಗೆ.

ಜೂನ್‌ನಲ್ಲಿ ಒಂದು ಆಘಾತ ಕಾದಿತ್ತು. ಯಾರೋ ಗಣ್ಯರು ನಮ್ಮ ಬೀದಿಯ ಕಲ್ಯಾಣ ಮಂಟಪಕ್ಕೆ ಬರುತ್ತಾರೆಂದು ಎರಡೇ ರಾತ್ರಿಯಲ್ಲಿ ಫುಟ್‌ಪಾತು ಸಪಾಟಾಯಿತು. ಚಪ್ಪಡಿಗಳಿಗೆ ಸಿಮೆಂಟು, ಅಂಚಿಗೆ ಹಳದಿ-ಕಪ್ಪು ಬಣ್ಣ. ನಾನು ಹವಾಯಿ ಚಪ್ಪಲಿಯಲ್ಲಿ ರಾಜಠೀವಿಯಿಂದ ಹಾಲು ತಂದೆ. ಹುಡುಗನ ಓಟಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೂತಕ. ಇನ್ನು ಎಲ್ಲಿ ಅಭ್ಯಾಸ ಮಾಡುವುದು, ತುರಹಳ್ಳಿ ಕಾಡು ದೂರ, ಲಗ್ ಸವೆಯುತ್ತದೆ ಎಂದು ತಲೆಗೊಂದು ಮಾತು. ಒಬ್ಬನಂತೂ ಶೂವನ್ನು ಅರ್ಧ ಬೆಲೆಗೆ ಮಾರುವುದಾಗಿ ಫೋಟೊ ಹಾಕಿದ.

ಒಂಬತ್ತನೆಯ ದಿನ ಬೆಳಗಿನ ಜಾವ ಜೆಸಿಬಿಯ ಸದ್ದಿಗೆ ಎಚ್ಚರವಾಯಿತು. ಮೂರನೆಯವರ ಕೇಬಲ್ಲಂತೆ. ಹುಡುಗನ ಮೊಬೈಲು ಟಿಣ್ ಟಿಣ್ ಎನ್ನುತ್ತಿತ್ತು: "ನಮ್ಮ ಟ್ರೇಲ್ ಮರಳಿ ಬಂದಿದೆ!" ಕೆಳಗೆ ಸಾಲು ಸಾಲು ಚಪ್ಪಾಳೆ. ಅವನು ಆಗಲೇ ಲೇಸು ಬಿಗಿಯುತ್ತಿದ್ದ.

ಹೊರಗೆ ಬಂದೆ. ಗುಂಡಿಯ ಅಂಚಿನಲ್ಲಿ, ಕೆಮ್ಮಣ್ಣಿನ ಗುಡ್ಡೆಯ ಮೇಲೆ, ನಮ್ಮ ಎಂಜಿನಿಯರರು ನಿಂತಿದ್ದರು. ಬೆಳಗಿನ ಓಟ ಮುಗಿಸಿ ಹಾಗೆಯೇ ಸ್ಥಳ ಪರಿಶೀಲನೆಗೆ ಬಂದವರಂತೆ ಬೆವರಿದ್ದರು. "ನಮಸ್ಕಾರ ಸಾರ್, ಹುಷಾರು, ಜಾರುತ್ತದೆ" ಎಂದರು ಕಾಳಜಿಯಿಂದ. ನಾನು ಮೊದಲು ಅವರ ಕಾಲು ನೋಡಿದೆ. ಕಿತ್ತಳೆ ಬಣ್ಣ, ಆಳವಾದ ಲಗ್, ಸೊಳ್ಳೆಪರದೆಯ ಮೈ.

"ಎಷ್ಟು ಗ್ರಾಂ?" ಎಂದೆ.

"205" ಎಂದರು.