ಅನಿಮೋನ್ ಹೊರಟರೆ ಕೈ ಹಾಕಬೇಡಿ, ಮೊದಲು ಪಂಪ್ ನೋಡಿ

ದುಬೈ, ಶಾರ್ಜಾದಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡಿರುವ ನಮ್ಮೂರಿನವರಿಗೂ ಮಂಗಳೂರು, ಉಡುಪಿಯಲ್ಲಿ ಇಟ್ಟುಕೊಂಡವರಿಗೂ ಒಂದೇ ತಲೆನೋವು: ಅನಿಮೋನ್ (ಪಾದದಿಂದ ಅಂಟಿಕೊಂಡು ಬದುಕುವ, ಹೂವಿನಂತೆ ಕಾಣುವ ಕಡಲ ಜೀವಿ) ಕೂರಿಸಿದಲ್ಲಿ ಕೂರುವುದಿಲ್ಲ. ರಾತ್ರಿ ಲೈಟ್ ಆರಿದ ಮೇಲೆ ಮುದುಡಿಕೊಂಡು ಹೊರಡುತ್ತದೆ. ಬೆಳಗ್ಗೆ ನೋಡಿದರೆ ಹಿಂಬದಿಯ ಗಾಜಿನ ಮೇಲಿರುತ್ತದೆ, ಇಲ್ಲವೇ ನೀರಿನಲ್ಲಿ ಅಲೆ ಎಬ್ಬಿಸುವ ಪಂಪಾದ ವೇವ್‌ಮೇಕರ್‌ಗೆ ಸಿಕ್ಕಿ ಚೂರಾಗಿರುತ್ತದೆ. ಇದಕ್ಕೆ ಎರಡೂ ಕಡೆಯವರು ಮಾಡುವ ಮದ್ದು ಮಾತ್ರ ಬೇರೆ. ಗಲ್ಫಿನಲ್ಲಿ ಇನ್ನೂ ದೊಡ್ಡ ಲೈಟ್ ತರುತ್ತಾರೆ. ಊರಿನಲ್ಲಿ ಕೈ ಹಾಕಿ ಕಿತ್ತು ಮೊದಲಿನ ಜಾಗದಲ್ಲೇ ಕೂರಿಸುತ್ತಾರೆ. ನನ್ನ ಪ್ರಕಾರ ಎರಡೂ ಅವಸರದ ಕೆಲಸ. ಅನಿಮೋನ್ ನಡೆಯುವುದು ಇದ್ದ ಜಾಗ ಒಗ್ಗದೆ. ಅದು ತನ್ನ ಜಾಗ ಹುಡುಕಿಕೊಳ್ಳುವವರೆಗೆ ಅದರ ಜೀವ ಉಳಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ಆದ್ದರಿಂದ ಮೊದಲು ಪಂಪ್. ವೇವ್‌ಮೇಕರ್ ನೀರು ಎಳೆಯುವ ಸೀಳುಗಳಿಗೆ ಒರಟು ರಂಧ್ರದ ಸ್ಪಂಜಿನ ತೋಳು ಹಾಕಬೇಕು, ಇಲ್ಲವೇ 2–3 ಮಿಲಿಮೀಟರ್ ಕಣ್ಣಿನ ಪ್ಲಾಸ್ಟಿಕ್ ಬಲೆ ಸುತ್ತಿ ಪ್ಲಾಸ್ಟಿಕ್ ಟೈ ಬಿಗಿಯಬೇಕು. ಊರಿನಲ್ಲಿ ಕೆಲವರು ನೈಲಾನ್ ಸೊಳ್ಳೆಪರದೆ ಕಟ್ಟುತ್ತಾರೆ. ಅದು ಬೇಗ ಕಟ್ಟಿಕೊಂಡು ನೀರಿನ ಓಟ ನಿಂತೇಹೋಗುತ್ತದೆ. ತಂತಿಯ ಬಲೆಯಂತೂ ಬೇಡವೇ ಬೇಡ, ತುಕ್ಕು ಹಿಡಿಯುತ್ತದೆ. ಸ್ಪಂಜನ್ನೂ 2–3 ದಿನಕ್ಕೊಮ್ಮೆ ತೆಗೆದು ಹಿಂಡಿ ತೊಳೆಯಬೇಕು, ಇಲ್ಲದಿದ್ದರೆ ಅದರಲ್ಲಿ ಕೂತ ಕೊಳೆಯೇ ನೈಟ್ರೇಟ್ ಏರಿಸುತ್ತದೆ. ಟ್ಯಾಂಕಿನ ಕೆಳಗಿನ ಸೋಸುವ ತೊಟ್ಟಿಗೆ (ಸಂಪ್) ನೀರಿಳಿಯುವ ಓವರ್‌ಫ್ಲೋ ಹಲ್ಲುಗಳಿಗೂ ಬಲೆ ಬೇಕು. ಹೀಟರ್ ವಿಷಯಕ್ಕೆ ಬಂದರೆ, ನಮ್ಮ ಕರಾವಳಿಯಲ್ಲಿ ಅದರ ಅಗತ್ಯ ಬೀಳುವುದೇ ಅಪರೂಪ. ಅನಿಮೋನ್ ಹೋಗಿ ಅಂಟಿಕೊಂಡು ಸುಟ್ಟುಕೊಳ್ಳುವ ವಸ್ತು ಅದು, ತೆಗೆದಿಡಿ.

ಗಲ್ಫಿನವರಿಗೆ ಹೊಳೆಯದ ಒಂದು ಅಪಾಯ ಊರಿನಲ್ಲಿದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ವೇವ್‌ಮೇಕರ್ ನಿಲ್ಲುತ್ತದೆ, ಓಡಾಡುತ್ತಿರುವ ಅನಿಮೋನ್ ಅದರ ಮೇಲೇ ಹತ್ತಿ ಕೂತುಬಿಡಬಹುದು. ಕರೆಂಟು ಬಂದ ಕ್ಷಣ ರೆಕ್ಕೆ ತನ್ನಷ್ಟಕ್ಕೇ ತಿರುಗತೊಡಗುತ್ತದೆ. ಬಲೆ ಇಲ್ಲದ ಪಂಪಿನಲ್ಲಿ ಒಂದೇ ಸುತ್ತು ಸಾಕು ಮಾರಾಯ್ರೇ. ಅನಿಮೋನ್ ಓಡಾಡುತ್ತಿರುವ ದಿನಗಳಲ್ಲಿ ವೇವ್‌ಮೇಕರನ್ನು ಇನ್ವರ್ಟರ್‌ಗೆ ಹಾಕಿಡಿ. ಇನ್ವರ್ಟರ್ ಇಲ್ಲದಿದ್ದರೆ ಕರೆಂಟು ಹೋದೊಡನೆ ಅದರ ಸ್ವಿಚ್ ಆರಿಸಿ, ಬ್ಯಾಟರಿ ಏರ್ ಪಂಪ್ ನಡೆಸಿ, ಕರೆಂಟು ಬಂದ ಮೇಲೆ ಟಾರ್ಚ್ ಹಾಕಿ ನೋಡಿಯೇ ಮತ್ತೆ ಹಾಕಿ.

ಇನ್ನು ನೀರು. ಗಲ್ಫಿನ ಮನೆಗಳಲ್ಲಿ ಎಸಿ ಹಗಲುರಾತ್ರಿ ಓಡುವುದರಿಂದ ಟ್ಯಾಂಕಿನ ನೀರು ಹೆಚ್ಚು ಕಷ್ಟವಿಲ್ಲದೆ 25–27 ಡಿಗ್ರಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಊರಿಗೆ ತರಬೇಕಾದ್ದು ಈ ಸ್ಥಿರತೆ, ದುಬಾರಿ ಲೈಟ್ ಅಲ್ಲ. ಮಂಗಳೂರಿನ ಏಪ್ರಿಲ್–ಮೇ ಸೆಕೆಯಲ್ಲಿ ಮುಚ್ಚಳ ಹಾಕಿದ ಟ್ಯಾಂಕ್ 31 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟರೆ ಸ್ವಲ್ಪ ಇಳಿಯುತ್ತದೆ, ಆದರೆ ನಮ್ಮ ಗಾಳಿಯಲ್ಲೇ ನೀರಿನಂಶ ಜಾಸ್ತಿ ಇರುವುದರಿಂದ ಒಣಪ್ರದೇಶದಲ್ಲಿ ಇಳಿದಷ್ಟು ಇಲ್ಲಿ ಇಳಿಯುವುದಿಲ್ಲ. ಅನಿಮೋನ್ ಸಾಕುವ ಮನಸ್ಸಿದ್ದರೆ ನೀರು ತಂಪಾಗಿಸುವ ಚಿಲ್ಲರ್‌ಗೆ ಹಣ ತೆಗೆದಿಡಿ, ಅಥವಾ ಎಸಿ ಇರುವ ಕೋಣೆಗೆ ಟ್ಯಾಂಕ್ ಬದಲಿಸಿ.

ಫ್ಯಾನ್ ಹಾಕಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ. 200 ಲೀಟರ್ ನೀರಿನಿಂದ ದಿನಕ್ಕೆ 4 ಲೀಟರ್ ಆವಿಯಾಯಿತು ಅಂದುಕೊಳ್ಳಿ. ಮೂರು ದಿನ ತುಂಬಿಸದಿದ್ದರೆ ಸಾವಿರಕ್ಕೆ 35 ಇದ್ದ ಉಪ್ಪು 37 ದಾಟುತ್ತದೆ. ನಾಲ್ಕನೇ ದಿನ 12 ಲೀಟರ್ ಸಿಹಿನೀರು ಒಟ್ಟಿಗೆ ಸುರಿದರೆ ಧಡಕ್ಕನೆ ಇಳಿಯುತ್ತದೆ. ಜಾಗ ಸರಿಯಿದ್ದೂ ಅನಿಮೋನ್ ಸುತ್ತುತ್ತಲೇ ಇದ್ದರೆ ನಾನು ಮೊದಲು ಅನುಮಾನಿಸುವುದು ಈ ಏರಿಳಿತವನ್ನೇ. ಆರ್‌ಓ ನೀರನ್ನು ದಿನವೂ ತುಂಬಿಸಿ, ಸಾಧ್ಯವಿದ್ದರೆ ತನ್ನಷ್ಟಕ್ಕೇ ತುಂಬುವ ಫ್ಲೋಟ್ ಇಡಿ. ಸಾಪೇಕ್ಷ ಸಾಂದ್ರತೆ (ಸಿಹಿನೀರು 1 ಎಂದಿಟ್ಟುಕೊಂಡರೆ) 1.025–1.026ರ ನಡುವೆ ನಿಲ್ಲಲಿ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಸಾವಿರಕ್ಕೆ 35 ಉಪ್ಪಿರುವ ಮಾಪನ ದ್ರಾವಣದಲ್ಲಿ ಸರಿಮಾಡಿಕೊಳ್ಳಿ, ಬರೀ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ 35ರ ಹತ್ತಿರ ತಪ್ಪು ತೋರಿಸಬಹುದು. ಕೊಳೆಯಿಂದ ಹುಟ್ಟುವ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ಆಸುಪಾಸು ಸಾಕು. ಟ್ಯಾಂಕಿಗೆ ಕನಿಷ್ಠ ಆರು ತಿಂಗಳಾದರೂ ಆಗದೆ ಅನಿಮೋನ್ ತರಲೇಬಾರದು. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕುವುದಿದ್ದರೆ ಬೇರೆ ತೊಟ್ಟಿಯಲ್ಲಿ ಹಾಕಿ, ಈ ಟ್ಯಾಂಕಿಗೆ ಬಿದ್ದರೆ ಅನಿಮೋನ್ ಉಳಿಯುವುದಿಲ್ಲ.

ಕಡಲು ಪಕ್ಕದಲ್ಲೇ ಇರುವಾಗ ಉಪ್ಪಿನ ಪುಡಿಗೆ ಯಾಕೆ ದುಡ್ಡು ಎಂದು ಊರಿನವರು ಕೇಳುತ್ತಾರೆ. ಬೇಸಿಗೆಯಲ್ಲಿ ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡದ ನೀರು ಕೆಂಪು ಮಣ್ಣು ಕಲಸಿಕೊಂಡು ಉಪ್ಪು ಕಳೆದುಕೊಂಡಿರುತ್ತದೆ. ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಬೆಂಗ್ರೆಯ ಹತ್ತಿರವಂತೂ ಆಗ ತುಂಬಿಸಲೇಬಾರದು. ಮಲ್ಪೆ ಬಂದರಿನೊಳಗಿನ ನೀರಿನಲ್ಲಿ ಯಾವ ಕಾಲದಲ್ಲೂ ದೋಣಿಯ ಎಣ್ಣೆ ಇದ್ದೇ ಇರುತ್ತದೆ. ತರುವುದಾದರೆ ಬೇಸಿಗೆಯಲ್ಲಿ, ದಡದಿಂದ ದೂರ ಹೋಗುವ ದೋಣಿಯವರ ಕೈಲಿ ತರಿಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಎರಡು ಮೂರು ವಾರ ಇಟ್ಟು, ಸೋಸಿ, ಅಳೆದು ಬಳಸಿ. ನೀರು ತರಬಹುದು, ಸೇಂಟ್ ಮೇರಿಸ್ ದ್ವೀಪದ ಬಂಡೆಗಳಿಂದ ಜೀವಿಗಳನ್ನು ಕಿತ್ತು ತರುವುದು ಮಾತ್ರ ಬೇಡ. ಹವಳವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ (ಅತಿ ಹೆಚ್ಚು ರಕ್ಷಣೆ ಇರುವ ಜೀವಿಗಳ ಪಟ್ಟಿ).

ನೀರು ಸರಿಯಿದ್ದೂ ನಡೆದರೆ ಎತ್ತ ಹೋಗುತ್ತದೆ ಎಂದು ನೋಡಿ. ಗಾಜು ಹತ್ತಿ ಮೇಲಕ್ಕೆ ಬಂದರೆ ಸಾಮಾನ್ಯವಾಗಿ ಬೆಳಕು ಸಾಲದು. ಕಲ್ಲಿನಡಿ ನುಗ್ಗಿ ಹೊರಬರದಿದ್ದರೆ ಬೆಳಕು ಹೆಚ್ಚಾಗಿದೆ. ಗಲ್ಫಿನಲ್ಲಿ ಹೊಸ ಲೈಟ್ ತಂದ ದಿನವೇ ಪೂರ್ತಿ ಉರಿಸಿ ಈ ಎರಡನೇ ತೊಂದರೆಯನ್ನು ತಾವಾಗಿ ತಂದುಕೊಳ್ಳುತ್ತಾರೆ. 30–40 ಶೇಕಡಾದಿಂದ ಶುರುಮಾಡಿ ವಾರಕ್ಕೆ 5–10ರಂತೆ ಏರಿಸಿ. ಜಾತಿ ನೋಡಿ ಜಾಗ ಕೊಡುವುದೂ ಮುಖ್ಯ. ಬಬಲ್ ಟಿಪ್ ಅನಿಮೋನ್‌ಗೆ ಪಾದ ಒಳಗೆ ಇಳಿಸಿಕೊಳ್ಳುವಷ್ಟು ಆಳದ ಕಲ್ಲಿನ ಬಿರುಕು ಬೇಕು. ಮರಳಿನಲ್ಲಿ ಕೂರುವ ಜಾತಿಯಾದ ಹ್ಯಾಡೋನಿ ಕಾರ್ಪೆಟ್‌ಗೆ 10 ಸೆಂಟಿಮೀಟರ್‌ಗಿಂತ ಆಳದ ಮರಳು ಬೇಕು, 3 ಸೆಂಟಿಮೀಟರ್ ಮರಳಿನಲ್ಲಿ ಅದು ನಿಲ್ಲುವುದೇ ಕಷ್ಟ. ಬಬಲ್ ಟಿಪ್ ಇರುವ ಕಲ್ಲನ್ನು ಉಳಿದ ಕಲ್ಲುಗಳಿಂದ ಬೇರೆ ಮಾಡಿ, ಸುತ್ತ ಬರೀ ಮರಳು ಬಿಟ್ಟರೆ ಅದು ದಾಟಿ ಹೋಗುವುದು ಕಡಿಮೆ. ಮುಂದೆ ಬದಲಿಸಬೇಕಾದರೆ ಕಲ್ಲು ಸಮೇತ ಎತ್ತಬಹುದು.

ಆಹಾರದಲ್ಲಿ ಊರೇ ಮೇಲು. ತಾಜಾ ಸಿಗಡಿ ಅಥವಾ ಬೊಂಡಾಸ್ (ಸ್ಕ್ವಿಡ್), ಕಡಲೆಕಾಳಿನಷ್ಟು ತುಂಡು, ವಾರಕ್ಕೆ ಒಂದೆರಡು ಸಲ ಸಾಕು. ಬೂತಾಯಿ (ಸಾರ್ಡೀನ್ ಮೀನು) ಬೇಡ, ಎಣ್ಣೆ ಬಿಟ್ಟು ನೀರಿನ ಮೇಲೆ ಪದರ ಕಟ್ಟುತ್ತದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಸಮಯಕ್ಕೆಂದು ಮೊದಲೇ ಫ್ರೀಜರ್‌ನಲ್ಲಿಡಿ. ಉಗುಳಿದ ತುಂಡನ್ನು ಅಲ್ಲೇ ಬಿಡದೆ ತೆಗೆಯಿರಿ.

ಪಂಪಿನ ಹತ್ತಿರವೇ ಹೋಗಿ ಕೂತು, ಬದಲಿಸದೆ ಬೇರೆ ದಾರಿಯಿಲ್ಲ ಎಂದಾದಾಗ ಮಾತ್ರ ಕೈ ಹಾಕಿ, ಅದೂ ಪಂಪ್ ಆರಿಸಿ, ಕೈಗವಸು ಹಾಕಿಕೊಂಡು. ಗಾಜಿನ ಮೇಲಿದ್ದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಪಾದದ ಒಂದು ಬದಿಯಿಂದ ಸ್ವಲ್ಪಸ್ವಲ್ಪವೇ ತೂರಿಸಿ ಬಿಡಿಸಬಹುದು. ಕಲ್ಲಿನ ಮೇಲಿದ್ದರೆ ಜಿಪ್ ಕವರಿನಲ್ಲಿ ಐಸ್ ತುಂಡು ಹಾಕಿ ಪಾದದ ಬುಡಕ್ಕೆ ತಾಗಿಸಿ ಹಿಡಿಯಿರಿ, ಅದಾಗಿಯೇ ಹಿಡಿತ ಬಿಡುತ್ತದೆ. ಎಳೆಯಬೇಡಿ. ಪಾದ ಹರಿದರೆ ಅನಿಮೋನ್ ಸಾಯಬಹುದು. ಬಿಟ್ಟ ಮೇಲೆ ಕಲ್ಲುಚೂರು ತುಂಬಿದ ಪ್ಲಾಸ್ಟಿಕ್ ಬುಟ್ಟಿಯಲ್ಲಿ, ನೀರಿನ ಓಟ ಕಡಿಮೆ ಇರುವ ಕಡೆ ಇಟ್ಟು, ಹಿಡಿದುಕೊಳ್ಳುವವರೆಗೆ ಕಾಯಿರಿ.

ದಿನಕ್ಕೊಮ್ಮೆ ಮುದುಡುವುದು, ಕಂದು ಎಳೆಗಳನ್ನು ಹೊರಹಾಕುವುದು ರೋಗವಲ್ಲ. ಬಾಯಿ ತೆರೆದೇ ಉಳಿದು, ಮೈ ಕರಗಿ, ಕೊಳೆತ ವಾಸನೆ ಬಂದರೆ ಮಾತ್ರ ಆ ಗಂಟೆಯಲ್ಲೇ ತೆಗೆದು, 25–30 ಶೇಕಡಾ ನೀರು ಬದಲಿಸಿ, ನೀರು ಶುದ್ಧ ಮಾಡುವ ಹೊಸ ಕಾರ್ಬನ್ ಹಾಕಿ, ಅಂದೂ ಮರುದಿನವೂ ಅಮೋನಿಯ ಅಳೆಯಿರಿ.